ಊಟ ಬಲ್ಲವನ ಗಾದೆ

"ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ" ಎಂಬ ಗಾದೆಯನ್ನು ನಾನು ಸುಮಾರು ಇಪ್ಪತ್ತು ವರ್ಷಗಳಿಂದ ತರಗತಿಗಳಲ್ಲಿ ವಿವರಿಸುತ್ತ ಬಂದಿದ್ದೇನೆ. ವಿದ್ಯಾರ್ಥಿಗಳು ಅದನ್ನು ಎರಡು ಪುಟಕ್ಕೆ ಹಿಗ್ಗಿಸುವುದೂ ನಾನು ಅದಕ್ಕೆ ಅಂಕ ಕೊಡುವುದೂ ನಡೆದೇ ಇದೆ. ಗಾದೆಯ ಉತ್ತರಾರ್ಧದಲ್ಲಿ ನನಗೆ ಎಂದೂ ಪೂರ್ಣ ನಂಬಿಕೆ ಇರಲಿಲ್ಲ. ಮಾತು ಬಲ್ಲ ಸಾಹಿತಿಗಳ ಜಗಳಗಳನ್ನು ಹತ್ತಿರದಿಂದ ಕಂಡವರಿಗೆ ಅಂಥ ನಂಬಿಕೆ ಉಳಿಯುವುದೂ ಕಷ್ಟ. ಆದರೆ ಪೂರ್ವಾರ್ಧವನ್ನು ನಾನು ಪ್ರಶ್ನಿಸಿದವನಲ್ಲ. ರೋಗ ಬಂದವನು ಊಟ ಅರಿಯದವನು, ದಪ್ಪಗಿರುವವನು ನಾಲಗೆಯ ದಾಸ ಎಂಬ ತರ್ಕ ಅದರ ಬೆನ್ನಿಗೇ ಬರುತ್ತದೆಂಬುದನ್ನು ಗಮನಿಸಿದವನೂ ಅಲ್ಲ.

ಎರಡು ವರ್ಷಗಳ ಹಿಂದೆ ಪ್ರಥಮ ವರ್ಷದ ತರಗತಿಯಲ್ಲಿ ಕುಮಾರವ್ಯಾಸನ ಬಕವಧೆಯ ಪ್ರಸಂಗವನ್ನು ಪಾಠ ಮಾಡುತ್ತಿದ್ದೆ. ಬಕನಿಗೆಂದು ಬಂಡಿಯಲ್ಲಿ ಹೇರಿಕೊಂಡು ಹೋದ ಅನ್ನವನ್ನು ಭೀಮನೇ ಉಣ್ಣುವ ಆ ಸನ್ನಿವೇಶ ಎಂಥ ಮೇಷ್ಟರನ್ನೂ ನಟನನ್ನಾಗಿ ಮಾಡುತ್ತದೆ. ಭೀಮನಿಗೆ ವೃಕೋದರನೆಂಬ ಹೆಸರು ಏಕೆ ಬಂತೆಂದು ವಿವರಿಸುವಾಗ, ಮೂರನೆಯ ಬೆಂಚಿನಲ್ಲಿ ಕುಳಿತಿದ್ದ ಸ್ಥೂಲಕಾಯದ ಹುಡುಗಿಯೊಬ್ಬಳ ಕಡೆ ತಿರುಗಿ, "ನಮ್ಮಲ್ಲೂ ವೃಕೋದರಿಯರಿಗೆ ಕೊರತೆಯೇನಿಲ್ಲ" ಎಂದುಬಿಟ್ಟೆ. ತರಗತಿ ಗೊಳ್ಳೆಂದು ನಕ್ಕಿತು. ಆಕೆಯೂ ನಕ್ಕಳು. ಹಾಗೆ ನಗುವುದನ್ನು ಆಕೆ ಎಷ್ಟು ವರ್ಷಗಳಿಂದ ಅಭ್ಯಾಸ ಮಾಡಿಕೊಂಡಿದ್ದಳೆಂಬುದು ನನಗೆ ಹೊಳೆಯಲಿಲ್ಲ. ಅಂದಿನಿಂದ ಹಾಸ್ಟೆಲಿನಲ್ಲಿ ಅದೇ ಆಕೆಯ ಹೆಸರಾಯಿತು. ಮೂರು ತಿಂಗಳ ಮೇಲೆ ಒಂದು ಬೆಳಿಗ್ಗೆ ಮೊದಲನೆಯ ಪೀರಿಯಡ್ಡಿನಲ್ಲಿ ಆಕೆ ತಲೆಸುತ್ತಿ ಬಿದ್ದಳು. ನೀರು ಕುಡಿಸಿ ವಿಚಾರಿಸಿದಾಗ, "ಹದಿನೈದು ದಿನದಿಂದ ಬೆಳಿಗ್ಗೆ ತಿಂಡಿ ತಿಂದಿಲ್ಲ ಸಾರ್, ರಾತ್ರಿ ಊಟಾನೂ ಬಿಟ್ಟಿದ್ದೀನಿ" ಎಂದಳು. ತೂಕ ಇಳಿಯಿತೇ ಎಂದು ಗೆಳತಿಯೊಬ್ಬಳು ಕೇಳಿದಳು. ಇಳಿದಿರಲಿಲ್ಲ.

ಆಕೆಯ ಅನುಮತಿ ಪಡೆದೇ ಇದನ್ನು ಬರೆಯುತ್ತಿದ್ದೇನೆ, ಹೆಸರು ಬೇಡವೆಂದಿದ್ದಾಳೆ.

ಇನ್ನು ನನ್ನ ವಿಷಯ. ನಾನು ತೆಳ್ಳಗಿನ ಮನುಷ್ಯ. ಎತ್ತರ ಐದು ಅಡಿ ಏಳು ಅಂಗುಲ, ತೂಕ 66 ಕಿಲೋ. ಬೆಳಿಗ್ಗೆ ಚಿತ್ರಾನ್ನವೋ ಇಡ್ಲಿಯೋ, ಮಧ್ಯಾಹ್ನ ಅನ್ನ ಸಾರು, ಸಂಜೆ ಕಾಫಿಯ ಜೊತೆಗೆ ಬೋಂಡ, ರಾತ್ರಿ ಮತ್ತೆ ಅನ್ನ, ನಡುವೆ ಸ್ಟಾಫ್ ರೂಮಿನಲ್ಲಿ ಯಾರದಾದರೂ ಹುಟ್ಟುಹಬ್ಬದ ಸಿಹಿ. ತಟ್ಟೆಗೆ ಮೂರನೆಯ ಸಲ ಅನ್ನ ಹಾಕಿಸಿಕೊಂಡರೂ "ಮೇಷ್ಟ್ರಿಗೆ ತಿಂದದ್ದು ಮೈಗೆ ಹತ್ತೋದೇ ಇಲ್ಲ" ಎಂದು ನಮ್ಮ ಅತ್ತಿಗೆ ಇನ್ನಷ್ಟು ಬಡಿಸುತ್ತಿದ್ದರು. ಹೋದ ವರ್ಷ ಕತ್ತಿನ ಹಿಂಭಾಗ ಕಪ್ಪಾಗಿ ಮಖಮಲ್ಲಿನಂತೆ ದಪ್ಪಗಾಗಿರುವುದನ್ನು ಮಗಳು ಗಮನಿಸಿದಳು. ಕೊಳೆಯೆಂದು ಬಗೆದು ಒಂದು ವಾರ ತಿಕ್ಕಿದ್ದಾಯಿತು. ಕೊನೆಗೆ ಪರಿಚಯದ ವೈದ್ಯರೊಬ್ಬರಿಗೆ ತೋರಿಸಿದೆ. ಅವರು ಕತ್ತನ್ನು ನೋಡಿದವರೇ ಟೇಪು ತೆಗೆದು ನನ್ನ ಹೊಟ್ಟೆಯ ಸುತ್ತಳತೆ ಅಳೆದರು: 96 ಸೆಂಟಿಮೀಟರ್. ಭಾರತೀಯ ಗಂಡಸರಿಗೆ 90, ಹೆಂಗಸರಿಗೆ 80 ಮೀರಬಾರದಂತೆ. ಖಾಲಿ ಹೊಟ್ಟೆಯ ರಕ್ತದಲ್ಲಿ ಸಕ್ಕರೆ 112 ಇತ್ತು. 100ರಿಂದ 125ರವರೆಗಿನದು ಮಧುಮೇಹದ ಹೊಸ್ತಿಲು. "ಮೇಷ್ಟ್ರೆ, ನಿಮ್ಮ ಕೈಕಾಲು ಸಣ್ಣ, ಒಳಗೆ ಮಾತ್ರ ನೀವು ದಪ್ಪ" ಎಂದರು ವೈದ್ಯರು. ಹೊರಗೆ ಬಂದಾಗ ನನಗೆ ಮೊದಲು ನೆನಪಾದದ್ದು ಮೂರನೆಯ ಬೆಂಚು.

ವೈದ್ಯರು ಹೇಳಿದ್ದನ್ನೂ ಅನಂತರ ನಾನು ಓದಿ ತಿಳಿದದ್ದನ್ನೂ ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ. ವಿಜ್ಞಾನದ ಉಪಾಧ್ಯಾಯರು ನನ್ನ ಉದ್ಧಟತನವನ್ನು ಮನ್ನಿಸಬೇಕು.

ನಾವು ಉಂಡ ಅನ್ನ ಗ್ಲೂಕೋಸ್ ಆಗಿ ರಕ್ತಕ್ಕೆ ಸೇರುತ್ತಲೇ ಮೇದೋಜೀರಕ ಗ್ರಂಥಿ ಇನ್ಸುಲಿನ್ ಎಂಬ ರಸವನ್ನು ಸುರಿಸುತ್ತದೆ. ಇನ್ಸುಲಿನ್ ಒಬ್ಬ ದೂತ. ಸಕ್ಕರೆ ಬಂದಿದೆ, ಒಳಗೆ ತೆಗೆದುಕೊಳ್ಳಿ ಎಂದು ಸ್ನಾಯುಗಳಿಗೆ ಹೇಳುವುದು, ನಿನ್ನ ದಾಸ್ತಾನಿನಿಂದ ಸಕ್ಕರೆ ಬಿಡುವುದನ್ನು ನಿಲ್ಲಿಸು ಎಂದು ಯಕೃತ್ತಿಗೆ ಹೇಳುವುದು, ಕೂಡಿಟ್ಟ ಕೊಬ್ಬನ್ನು ಈಗ ಕರಗಿಸಬೇಡ ಎಂದು ಮೇದಸ್ಸಿಗೆ ಹೇಳುವುದು, ಇವು ಅವನ ಕೆಲಸ. ಯಕೃತ್ತಿನಲ್ಲಿ, ಸ್ನಾಯುವಿನಲ್ಲಿ, ಹೊಟ್ಟೆಯೊಳಗಿನ ಅಂಗಗಳ ಸುತ್ತ ಕೊಬ್ಬು ತುಂಬಿಕೊಂಡಾಗ ಜೀವಕೋಶಗಳಿಗೆ ಈ ದೂತನ ಮಾತು ಸರಿಯಾಗಿ ಕೇಳಿಸುವುದಿಲ್ಲ. ಕೇಳಿಸದವರ ಮುಂದೆ ನಾವು ಮಾಡುವುದನ್ನೇ ದೇಹವೂ ಮಾಡುತ್ತದೆ, ದನಿ ಏರಿಸುತ್ತದೆ. ಒಂದು ಪಾಲು ಸಾಕಾಗಿದ್ದ ಕಡೆ ಎರಡು ಮೂರು ಪಾಲು ಇನ್ಸುಲಿನ್ ಸುರಿಯುತ್ತದೆ. ಹೀಗಾಗಿ ವರ್ಷಗಟ್ಟಲೆ ರಕ್ತದ ಸಕ್ಕರೆ ಸರಿಯಾಗಿಯೇ ಇದ್ದಂತೆ ಕಾಣುತ್ತದೆ. ಗ್ರಂಥಿ ದಣಿದ ದಿನ ಮಾತ್ರ ಸಕ್ಕರೆ ಏರಿ, ರೋಗ ನಿನ್ನೆ ಬಂತೆಂದು ನಾವು ಭಾವಿಸುತ್ತೇವೆ.

ನಮ್ಮ ವೈದ್ಯ ಬರಹಗಳಲ್ಲಿ ಇದಕ್ಕೆ 'ಇನ್ಸುಲಿನ್ ಪ್ರತಿರೋಧ' ಎಂಬ ಹೆಸರು ರೂಢಿಯಾಗಿದೆ. ಕನ್ನಡದ ಮೇಷ್ಟರಾಗಿ ನನ್ನದೊಂದು ತಕರಾರು. ಪ್ರತಿರೋಧ ಎಂಬ ಮಾತಿಗೆ ನಮ್ಮ ಸಾಹಿತ್ಯದಲ್ಲಿ ಎಚ್ಚೆತ್ತವನ ಕಳೆ ಇದೆ. ಅನ್ಯಾಯವನ್ನು ಎದುರಿಸುವವನು ಪ್ರತಿರೋಧಿಸುತ್ತಾನೆ. ಇಲ್ಲಿ ನಡೆಯುವುದು ಮಂಪರು, ಜಡತೆ. 'ಇನ್ಸುಲಿನ್ ಜಡತೆ' ಎಂದಿದ್ದರೆ ಹಳ್ಳಿಯ ರೋಗಿಗೂ ಅರ್ಥ ಹತ್ತುತ್ತಿತ್ತು. ಪಾರಿಭಾಷಿಕ ಪದಗಳನ್ನು ಟಂಕಿಸುವವರು ಒಮ್ಮೆ ರೋಗಿಯ ಪಕ್ಕದಲ್ಲಿ ಕುಳಿತು ಟಂಕಿಸಬೇಕು.

ಇದಕ್ಕೂ ತೂಕಕ್ಕೂ, ತೂಕಕ್ಕೂ ಹಸಿವಿಗೂ ಇರುವ ನಂಟು ಒಂದು ಸುಳಿಯಂಥದು. ರಕ್ತದಲ್ಲಿ ಸದಾ ಇನ್ಸುಲಿನ್ ಹೆಚ್ಚಾಗಿದ್ದರೆ ಕೂಡಿಟ್ಟ ಕೊಬ್ಬು ಹೊರಗೆ ಬರುವುದು ಕಡಿಮೆಯಾಗುತ್ತದೆ. ಕಣಜ ತುಂಬಿದೆ, ಬೀಗದ ಕೈ ಸಿಕ್ಕುತ್ತಿಲ್ಲ, ಮನೆಯವರು ಹಸಿದಿದ್ದಾರೆ ಎಂಬ ಸ್ಥಿತಿ. ಬಿಳಿ ಅನ್ನ, ಮೈದಾ, ಸಕ್ಕರೆ ಹಾಕಿದ ಪಾನೀಯಗಳಂಥ ಬೇಗ ಜೀರ್ಣವಾಗುವ ಆಹಾರವನ್ನು ತಿಂದಾಗ ಸಕ್ಕರೆ ಸರ್ರನೆ ಏರಿ, ಅದರ ಹಿಂದೆ ಅತಿಯಾಗಿ ಸುರಿದ ಇನ್ಸುಲಿನ್‌ನಿಂದ ಕೆಲವರಲ್ಲಿ ಎರಡು ಮೂರು ಗಂಟೆಯೊಳಗೆ ಮೊದಲಿದ್ದ ಮಟ್ಟಕ್ಕಿಂತ ಕೆಳಗೆ ಇಳಿಯುತ್ತದೆ. ಆಗ ಕೈ ಬಿಸ್ಕತ್ತಿನ ಡಬ್ಬಿಯನ್ನು ಹುಡುಕುತ್ತದೆ. ಸಾಕೆಂಬ ಸೂಚನೆಯನ್ನು ಮೆದುಳಿಗೆ ಕೊಡುವವರಲ್ಲಿ ಇನ್ಸುಲಿನ್ನೂ ಒಬ್ಬ. ಮೆದುಳಿಗೂ ಆ ಜಡತೆ ತಟ್ಟಿದರೆ ಉಂಡವನಿಗೆ ಉಂಡ ತೃಪ್ತಿ ಬರುವುದಿಲ್ಲ. ತಿಂದದ್ದರಿಂದ ಕೊಬ್ಬು, ಕೊಬ್ಬಿನಿಂದ ಜಡತೆ, ಜಡತೆಯಿಂದ ಹಸಿವು, ಹಸಿವಿನಿಂದ ಮತ್ತೆ ತಿನ್ನುವುದು. ಈ ಚಕ್ರ ಎಲ್ಲಿಂದ ಮೊದಲಾಯಿತೆಂಬ ಬಗ್ಗೆ ಪಂಡಿತರಲ್ಲಿ ಇಂದಿಗೂ ವಾದವಿದೆ. ಅದರೊಳಗೆ ಸಿಕ್ಕವನನ್ನು ಹೊರಗೆ ನಿಂತು ತಿಂಡಿಪೋತ ಎನ್ನುವುದಂತೂ ಸುಲಭ.

ನನ್ನ ವಿದ್ಯಾರ್ಥಿನಿಗೆ ಇದ್ದದ್ದು ಪಿ.ಸಿ.ಓ.ಎಸ್. ಎಂದು ಅನಂತರ ಆಕೆಯ ತಾಯಿಯಿಂದ ತಿಳಿಯಿತು. ಈ ತೊಂದರೆಯುಳ್ಳ ಹೆಣ್ಣುಮಕ್ಕಳಲ್ಲಿ ಬಹಳ ಮಂದಿಗೆ ಇನ್ಸುಲಿನ್ ಜಡತೆಯೂ ಇರುತ್ತದೆ. ಅತಿಯಾದ ಇನ್ಸುಲಿನ್ ಅಂಡಾಶಯವನ್ನು ಪ್ರಚೋದಿಸಿ ಪುರುಷ ಹಾರ್ಮೋನುಗಳನ್ನು ಹೆಚ್ಚಿಸುತ್ತದೆ. ಮುಟ್ಟು ತಪ್ಪುತ್ತದೆ, ಗದ್ದದ ಮೇಲೆ ಕೂದಲು ಬರುತ್ತದೆ, ತೂಕ ಏರುತ್ತದೆ. ಇಷ್ಟನ್ನು ಹೊತ್ತುಕೊಂಡು ಆಕೆ ತರಗತಿಯಲ್ಲಿ ಕುಳಿತಿದ್ದಳು. ಆಕೆಯ ಮೇಲೆ ವಿನೋದ ಮಾಡಿದವನ ರಕ್ತದಲ್ಲಿಯೂ ಅದೇ ಜಡತೆ ಹರಿಯುತ್ತಿತ್ತು, ಮತ್ತು ಅವನು ಆಕೆಗಿಂತ ಹೆಚ್ಚು ಅನ್ನ ಉಣ್ಣುತ್ತಿದ್ದ.

ತೆಳ್ಳಗಿನವನಿಗೆ ಇದು ಹೇಗೆ ಬಂತು? ಈ ಪ್ರಶ್ನೆಗೆ ನಮ್ಮ ನೆಲದಲ್ಲಿಯೇ ಉತ್ತರ ಹುಡುಕಿದವರಿದ್ದಾರೆ. 2004ರಲ್ಲಿ ಪುಣೆಯ ಡಾ. ಚಿತ್ತರಂಜನ ಯಾಜ್ಞಿಕರೂ ಲಂಡನ್ನಿನ ಡಾ. ಜಾನ್ ಯಡ್ಕಿನ್ನರೂ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ತಮ್ಮಿಬ್ಬರ ಭಾವಚಿತ್ರವನ್ನೇ ಅಚ್ಚು ಹಾಕಿಸಿದರು. ಎತ್ತರಕ್ಕೆ ತೂಕವನ್ನು ಹೋಲಿಸುವ ಲೆಕ್ಕದಲ್ಲಿ ಇಬ್ಬರದೂ ಒಂದೇ ಅಂಕಿ, 22.3. ಆದರೆ ಯಡ್ಕಿನ್ನರ ಮೈಯಲ್ಲಿ ಕೊಬ್ಬು ಶೇಕಡಾ 9.1, ಯಾಜ್ಞಿಕರ ಮೈಯಲ್ಲಿ ಶೇಕಡಾ 21.2. ನಮ್ಮ ಮೈಯ ಕಟ್ಟು ತಾಯಿಯ ಗರ್ಭದಲ್ಲಿಯೇ ನಿಶ್ಚಯವಾಗತೊಡಗುತ್ತದೆಂದು ಅವರ ಅಧ್ಯಯನಗಳು ತೋರಿಸಿವೆ. ಹಗುರವಾಗಿ ಹುಟ್ಟುವ ನಮ್ಮ ಶಿಶುಗಳಲ್ಲಿ ಸ್ನಾಯು ಕಡಿಮೆ, ಅದರ ಲೆಕ್ಕಕ್ಕೆ ಕೊಬ್ಬು ಹೆಚ್ಚು.

ಮೈಸೂರಿನ ವಿಷಯ ಇನ್ನೂ ಸ್ವಾರಸ್ಯವಾದದ್ದು. ಊರವರು ಮಿಷನ್ ಆಸ್ಪತ್ರೆಯೆಂದು ಕರೆಯುವ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದಲೂ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಟ್ಟಿದ್ದರು. ದಶಕಗಳ ಮೇಲೆ ಸಂಶೋಧಕರು ಆ ಕಡತಗಳನ್ನು ಹಿಡಿದು, ಅಲ್ಲಿ ಹುಟ್ಟಿ ಆಗಲೇ ನಡುವಯಸ್ಸಿಗೆ ಬಂದಿದ್ದ ಐನೂರಕ್ಕೂ ಹೆಚ್ಚು ಮಂದಿಯನ್ನು ಪತ್ತೆಹಚ್ಚಿ ಪರೀಕ್ಷಿಸಿದರು. 1998ರಲ್ಲಿ ಪ್ರಕಟವಾದ ಆ ವರದಿಯ ಪ್ರಕಾರ, ಉದ್ದ ಕಡಿಮೆಯಾಗಿ ಅದರ ಲೆಕ್ಕಕ್ಕೆ ದುಂಡಗೆ ಹುಟ್ಟಿದವರಲ್ಲಿ, ತೂಕವುಳ್ಳ ತಾಯಂದಿರ ಮಕ್ಕಳಲ್ಲಿ ಮಧುಮೇಹ ಹೆಚ್ಚಾಗಿತ್ತು. ಹೆರಿಗೆಯ ಕೋಣೆಯಲ್ಲಿ ಯಾರೋ ದಾದಿ ಶ್ರದ್ಧೆಯಿಂದ ಬರೆದ ಅಂಕಿಗಳು ಅರುವತ್ತು ವರ್ಷಗಳ ಮೇಲೆ ಮಾತನಾಡಿದವು. ಶಾಸನಗಳನ್ನು ಓದಿ ಕಣ್ಣು ಸವೆಸುವ ನಮ್ಮ ವಿಭಾಗದವರಿಗೆ ಇದರ ಬೆಲೆ ತಿಳಿಯುತ್ತದೆ. ಗರ್ಭದಲ್ಲಿ ಆದದ್ದಕ್ಕೆ ನಾಲಗೆಯನ್ನು ಮಾತ್ರ ಹೊಣೆ ಮಾಡುವುದು ನ್ಯಾಯವಲ್ಲ.

ಹಾಗೆಂದು ಎಲ್ಲವನ್ನೂ ಹಣೆಬರಹಕ್ಕೆ ಬಿಡಬೇಕೆಂದು ನನ್ನ ವಾದವಲ್ಲ. ಪ್ರಮೇಹವನ್ನು ಹುಟ್ಟಿನಿಂದ ಬಂದದ್ದು, ಅಪಥ್ಯದಿಂದ ಬಂದದ್ದು ಎಂದು ಸುಶ್ರುತನೇ ಎರಡಾಗಿ ವಿಂಗಡಿಸಿ, ಮೊದಲನೆಯವನು ಕೃಶ, ಎರಡನೆಯವನು ಸ್ಥೂಲ ಎಂದಿದ್ದ. ಆಧುನಿಕ ವೈದ್ಯದಲ್ಲಿ ಈ ಭೇದ ಸ್ಪಷ್ಟವಾಗಲು 1936ರಲ್ಲಿ ಹ್ಯಾರಲ್ಡ್ ಹಿಮ್ಸ್‌ವರ್ತ್ ಬರಬೇಕಾಯಿತು. ಕೆಲವು ರೋಗಿಗಳಿಗೆ ಇನ್ಸುಲಿನ್ ನಾಟುತ್ತದೆ, ಕೆಲವರಿಗೆ ನಾಟುವುದೇ ಇಲ್ಲ ಎಂದು ಅವರು ತೋರಿಸಿದರು. 1960ರಲ್ಲಿ ಯಾಲೋ ಮತ್ತು ಬರ್ಸನ್ ರಕ್ತದ ಇನ್ಸುಲಿನ್ನನ್ನೇ ಅಳೆದು, ನಡುವಯಸ್ಸಿನಲ್ಲಿ ಮಧುಮೇಹ ಬಂದ ಅನೇಕರಲ್ಲಿ ಇನ್ಸುಲಿನ್‌ಗೆ ಕೊರತೆಯಿಲ್ಲವೆಂದು ಕಂಡರು. ಸುಶ್ರುತನ ಅಪಥ್ಯವೂ ಸುಳ್ಳಲ್ಲ. ನಮ್ಮ ದೇಶದ ವಯಸ್ಕರಲ್ಲಿ ಸುಮಾರು 10 ಕೋಟಿ ಜನರಿಗೆ ಮಧುಮೇಹ, 13 ಕೋಟಿಗೂ ಹೆಚ್ಚು ಜನ ನನ್ನಂತೆ ಹೊಸ್ತಿಲ ಮೇಲೆ ಎಂದು 2023ರ ಐ.ಸಿ.ಎಂ.ಆರ್. ಅಧ್ಯಯನ ಅಂದಾಜು ಮಾಡಿತು. ಬೆಳ್ಳಗೆ ಪಾಲಿಷ್ ಮಾಡಿದ ಅಕ್ಕಿಗೂ ಕುರ್ಚಿಯ ಉದ್ಯೋಗಕ್ಕೂ ಇದರಲ್ಲಿ ದೊಡ್ಡ ಪಾಲುಂಟು. ರಾಗಿ ತಿಂದರೆ ಸಾಕೆಂಬುದೂ ಅರ್ಧ ಸತ್ಯವೇ: ರಾಗಿಯಲ್ಲಿ ನಾರು ಹೆಚ್ಚು, ಒಪ್ಪಿದೆ, ಆದರೆ ನುಣ್ಣಗೆ ಬೀಸಿದ ಹಿಟ್ಟೂ ಬಹುಪಾಲು ಪಿಷ್ಟವೇ. ಹೊಲ ಉತ್ತವನ ಮುದ್ದೆಯನ್ನು ಕುರ್ಚಿಯಲ್ಲಿ ಕುಳಿತವನು ಅದೇ ಗಾತ್ರದಲ್ಲಿ ನುಂಗಿದರೆ ಫಲ ಒಂದೇ ಆಗದು.

ನನಗೆ ಬಹಳ ಹಿಡಿಸಿದ ಸಂಗತಿ ಬೇರೊಂದು. ಚೆನ್ನೈಯ ಡಾ. ರಾಮಚಂದ್ರನ್ ಮತ್ತು ಸಂಗಡಿಗರು ಹೊಸ್ತಿಲ ಮೇಲಿದ್ದ 531 ಜನರನ್ನು ಮೂರು ವರ್ಷ ಗಮನಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಆಹಾರವನ್ನು ತಿದ್ದಿಕೊಂಡು ದಿನವೂ ನಡೆದವರಲ್ಲಿ ಮಧುಮೇಹಕ್ಕೆ ತುತ್ತಾಗುವ ಸಂಭವ ಶೇಕಡಾ 28.5ರಷ್ಟು ತಗ್ಗಿತು, ಆದರೆ ಅವರ ತೂಕ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ! ತಕ್ಕಡಿಯ ಮುಳ್ಳು ಅಲ್ಲಾಡದಿದ್ದರೂ ಒಳಗೆ ಒಳ್ಳೆಯದು ನಡೆಯಬಹುದು. ಕೆಲಸ ಮಾಡುವ ಸ್ನಾಯು ಇನ್ಸುಲಿನ್ನಿನ ಅಪ್ಪಣೆಗೆ ಕಾಯದೆಯೇ ಸಕ್ಕರೆಯನ್ನು ಒಳಗೆ ಎಳೆದುಕೊಳ್ಳುತ್ತದೆ. ಊಟವಾದ ಮೇಲಿನ ಹತ್ತು ಹದಿನೈದು ನಿಮಿಷದ ನಡಿಗೆಗೆ ಬೆಲೆ ಬಂದದ್ದು ಇದರಿಂದ. ಉಪವಾಸ ಬಿದ್ದು ತಲೆಸುತ್ತಿದ ಆ ಹುಡುಗಿಗೆ ಇದನ್ನು ಯಾರಾದರೂ ಮೊದಲೇ ಹೇಳಬೇಕಿತ್ತು.

ಈಗ ನನ್ನ ತಟ್ಟೆಯಲ್ಲಿ ಮೊದಲು ಕೋಸಂಬರಿ, ಪಲ್ಯ, ಹುಳಿಯ ಬೇಳೆ. ಅನ್ನ ಕೊನೆಗೆ, ಒಂದೇ ಸಲ. ಅತ್ತಿಗೆಯನ್ನು ಒಪ್ಪಿಸುವುದು ವೈದ್ಯರನ್ನು ಒಪ್ಪಿಸುವುದಕ್ಕಿಂತ ಕಷ್ಟವಾಯಿತು. ಬೇಡವೆಂದರೆ ಕೋಪವೆಂದೂ, ಹೋಳಿಗೆ ಒಂದೇ ಸಾಕೆಂದರೆ ಅಡಿಗೆ ಕೆಟ್ಟಿದೆಯೆಂದೂ ಅರ್ಥವಾಗುವ ನಾಡಿನಲ್ಲಿ ಎಲೆಯ ಮೇಲೆ ಕೈ ಅಡ್ಡ ಹಿಡಿಯಲು ಎದೆಗಾರಿಕೆ ಬೇಕು. ಸೊಂಟದ ಸುತ್ತಳತೆ 91ಕ್ಕೆ ಬಂದಿದೆ. ಕತ್ತಿನ ಕಪ್ಪು ಮಾಸುತ್ತಿದೆ.

ಆ ವಿದ್ಯಾರ್ಥಿನಿ ಈಗ ಅಂತಿಮ ವರ್ಷದಲ್ಲಿದ್ದಾಳೆ. ನನ್ನ ವರದಿ ಬಂದ ವಾರ, ಅದೇ ತರಗತಿಯ ಮುಂದೆ, ಹೆಸರು ಹೇಳದೆ, ಎರಡು ವರ್ಷಗಳ ಹಿಂದೆ ನಾನು ಆಡಿದ್ದು ತಪ್ಪು ಮಾತೆಂದು ಒಪ್ಪಿಕೊಂಡೆ. ಕೆಲವರಿಗೆ ಅದು ನೆನಪೇ ಇರಲಿಲ್ಲ, ಆಕೆಗೆ ಇತ್ತು. ಗಂಟೆ ಹೊಡೆದ ಮೇಲೆ ಬಂದು, "ಪರವಾಗಿಲ್ಲ ಸಾರ್, ನೀವೊಬ್ರೇ ಅಲ್ಲವಲ್ಲ ಹಾಗಂದಿದ್ದು" ಎಂದಳು. ಈಗ ಆಕೆಯೂ ಇನ್ನಿಬ್ಬರು ಗೆಳತಿಯರೂ ಮಧ್ಯಾಹ್ನದ ಊಟವಾದ ಮೇಲೆ ಆಟದ ಮೈದಾನಕ್ಕೆ ಎರಡು ಸುತ್ತು ಹಾಕುತ್ತಾರೆ. ಗಂಟೆ ಬೇಗ ಹೊಡೆಯುವುದರಿಂದ ಎರಡನೆಯ ಸುತ್ತು ಅನೇಕ ದಿನ ಅರ್ಧಕ್ಕೇ ನಿಲ್ಲುತ್ತದೆ. ಬಿಡುವನ್ನು ಹತ್ತು ನಿಮಿಷ ಹೆಚ್ಚಿಸಬೇಕೆಂದು ಪ್ರಾಂಶುಪಾಲರಿಗೆ ಬರೆದುಕೊಟ್ಟಿದ್ದೇನೆ. ವೇಳಾಪಟ್ಟಿ ಈಗಾಗಲೇ ಅಚ್ಚಾಗಿದೆಯೆಂದು ಹೇಳಿದ್ದಾರೆ.