ನೋವಿಗೊಂದು ನುಡಿ: ವಿದ್ಯಾರ್ಥಿಗಳ ಮಾನಸಿಕ ಆರೋಗ್ಯ ಮತ್ತು ಸರ್ಕಾರದ ನೀತಿ

ಕೆಲವು ವರ್ಷಗಳ ಹಿಂದೆ ಬಳ್ಳಾರಿ ಸೀಮೆಯಿಂದ ದೆಹಲಿಗೆ ಓದಲು ಬಂದಿದ್ದ ವಿದ್ಯಾರ್ಥಿಯೊಬ್ಬ ನನ್ನ ಕೋಣೆಗೆ ಬಂದು ಬಹಳ ಹೊತ್ತು ಸುಮ್ಮನೆ ಕುಳಿತಿದ್ದ. ಕೊನೆಗೆ, “ಜೀವಾನ ಬ್ಯಾಸರಾಗೈತ್ರಿ ಸಾರ್” ಎಂದ. ಅವನು ತನ್ನ ಸಂಸ್ಥೆಯ ಆಪ್ತಸಲಹೆಗಾರರನ್ನು ಆಗಲೇ ಕಂಡಿದ್ದ. ಅಲ್ಲಿ ತನಗೆ ಬರುವಷ್ಟು ಇಂಗ್ಲಿಷಿನಲ್ಲಿ ‘ಬೋರ್ ಆಗಿದೆ’ ಎಂದಿದ್ದನಂತೆ. ಅವರು ಆಟೋಟಗಳಲ್ಲಿ ತೊಡಗಿಕೊಳ್ಳುವಂತೆ ಸೂಚಿಸಿ ಕಳುಹಿಸಿದ್ದರು. ಒಂದು ಪದದ ಅನುವಾದದಲ್ಲಿ ಒಂದು ಜೀವವೇ ಜಾರಿಹೋಗಬಹುದೆಂಬುದು ಅಂದು ನನಗೆ ಮನವರಿಕೆಯಾಯಿತು.

ಇಂತಹ ಸಂಕಟವನ್ನು ವ್ಯಕ್ತಿಯ ದೌರ್ಬಲ್ಯವೆಂದು ಬಗೆದು, ಧೈರ್ಯ ತಂದುಕೊಳ್ಳೆಂದು ಹೇಳಿ ಕೈತೊಳೆದುಕೊಳ್ಳುವುದು ನಮ್ಮಲ್ಲಿ ರೂಢಿ. ಆದರೆ ರಾಷ್ಟ್ರೀಯ ಅಪರಾಧ ದಾಖಲೆಗಳ ಕಾರ್ಯಾಲಯದ ವರದಿಯಂತೆ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆಯಿಂದ ಸಾವಿಗೀಡಾದ ವಿದ್ಯಾರ್ಥಿಗಳು 13,044. ಇದು ಕೇವಲ ಮನೆಮನೆಯ ದುಃಖವಲ್ಲ, ಸರ್ಕಾರದ ಹೊಣೆಯೂ ಹೌದು.

ಈ ಹೊಣೆಯ ಇತಿಹಾಸದಲ್ಲಿ ಕರ್ನಾಟಕಕ್ಕೆ ವಿಶಿಷ್ಟ ಸ್ಥಾನವಿದೆ. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾದ ಬಳಿಕ ನಿಮ್ಹಾನ್ಸ್ ಸಂಸ್ಥೆ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನೂ ಸಿಬ್ಬಂದಿಯನ್ನೂ ತರಬೇತುಗೊಳಿಸಿ, ಚಿಕಿತ್ಸೆಯನ್ನು ಜನರಿದ್ದಲ್ಲಿಗೆ, ಜನರ ಮಾತಿನಲ್ಲಿ ಒಯ್ಯುವುದು ಅದರ ಸಾರವಾಗಿತ್ತು. ಆ ನಾಡಿನ ಹುಡುಗ ರಾಜಧಾನಿಯಲ್ಲಿ ಮಾತು ಸಿಗದೆ ತೊಳಲಿದ್ದು ವಿಪರ್ಯಾಸ.

ನೀತಿಗಳಿಗೆ ಈಗ ಕೊರತೆಯಿಲ್ಲ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯು ಚಿಕಿತ್ಸೆಯನ್ನು ಹಕ್ಕೆಂದು ಸಾರಿತು. ದೆಹಲಿಯ ಐಐಟಿಯ ಇಬ್ಬರು ವಿದ್ಯಾರ್ಥಿಗಳ 2023ರ ಸಾವಿನ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2025ರ ಮಾರ್ಚ್‌ನಲ್ಲಿ ನಿವೃತ್ತ ನ್ಯಾಯಮೂರ್ತಿ ಎಸ್. ರವೀಂದ್ರ ಭಟ್ ಅವರ ಅಧ್ಯಕ್ಷತೆಯಲ್ಲಿ ರಾಷ್ಟ್ರೀಯ ಕಾರ್ಯಪಡೆಯೊಂದನ್ನು ರಚಿಸಿತು. ಅದೇ ವರ್ಷದ ಜುಲೈನಲ್ಲಿ, ಮತ್ತೊಂದು ಪ್ರಕರಣದಲ್ಲಿ, ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳು ಕನಿಷ್ಠ ಒಬ್ಬ ಅರ್ಹ ಸಲಹೆಗಾರರನ್ನಾದರೂ ನೇಮಿಸಬೇಕೆಂದೂ ಸಿಬ್ಬಂದಿಗೆ ವರ್ಷಕ್ಕೆರಡು ಬಾರಿ ತರಬೇತಿ ನೀಡಬೇಕೆಂದೂ ನಿರ್ದೇಶಿಸಿತು. ಇವು ಸ್ವಾಗತಾರ್ಹ. ಆದರೆ ನೇಮಕದಿಂದಷ್ಟೇ ಕೆಲಸ ಮುಗಿಯದು. ಸಲಹೆಗಾರರ ಹುದ್ದೆ ಕಾಯಂ ಆಗಿರಬೇಕು. ಅವರ ಮುಂದೆ ಆಡಿದ ಮಾತು ಆಡಳಿತದ ಕಡತಕ್ಕೆ ಸೇರಬಾರದು. ಮತ್ತು ವಿದ್ಯಾರ್ಥಿಗೆ ತನ್ನ ನುಡಿಯಲ್ಲಿ ಹೇಳಿಕೊಳ್ಳುವ ಅವಕಾಶವಿರಬೇಕು.

ಪ್ರತಿ ಕಾಲೇಜಿನಲ್ಲೂ ಎಲ್ಲ ಭಾಷೆಗಳ ಸಲಹೆಗಾರರನ್ನು ಇರಿಸಲು ಸಾಧ್ಯವೇ ಎಂಬ ಆಕ್ಷೇಪ ಸಹಜ. ಸಾಧ್ಯವಿಲ್ಲ, ಅಗತ್ಯವೂ ಇಲ್ಲ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಯ 14416 ಸಂಖ್ಯೆಯಲ್ಲಿ ಕನ್ನಡವೂ ಸೇರಿದಂತೆ 20 ಭಾಷೆಗಳಲ್ಲಿ ನೆರವು ದೊರೆಯುತ್ತದೆ. ಕಾಲೇಜಿನ ಸಲಹಾ ಕೇಂದ್ರವನ್ನು ಇಂತಹ ಬಹುಭಾಷಾ ವ್ಯವಸ್ಥೆಯೊಂದಿಗೆ ಜೋಡಿಸಿ, ಯಾರ ಕಿವಿಗೂ ಬೀಳದಂತೆ ಮಾತನಾಡಲು ಒಂದು ಕೋಣೆಯನ್ನು ಒದಗಿಸಿದರೆ ಬಹುಮಟ್ಟಿಗೆ ಸಾಕು. ವಸತಿನಿಲಯದಲ್ಲಿ ನಾಲ್ವರ ನಡುವೆ ಮಲಗುವ ಹುಡುಗನಿಗೆ ದೂರವಾಣಿ ಸಂಖ್ಯೆಗಿಂತ ಆ ಕೋಣೆಯೇ ದುರ್ಲಭ.

ಇದರಲ್ಲಿ ಕನ್ನಡ ವಿಭಾಗಗಳ ಪಾತ್ರವೇನು? ಮನಸ್ಸಿನ ವಿಚಾರ ನಮಗೆ ಹೊರಗಿನದಲ್ಲ. ವೈದ್ಯರೂ ‘ಕೊರವಂಜಿ’ಯ ಸಂಪಾದಕರೂ ಆಗಿದ್ದ ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. ಬೇಸರ, ಕಸಿವಿಸಿ, ದಿಗಿಲು, ತಳಮಳ, ಹಂಬಲ ಇವುಗಳ ಅರ್ಥಚ್ಛಾಯೆಗಳನ್ನು, ಪ್ರಾದೇಶಿಕ ರೂಪಗಳೊಡನೆ, ವೈದ್ಯರಿಗೂ ಸಲಹೆಗಾರರಿಗೂ ಉಪಯುಕ್ತವಾಗುವಂತೆ ಸಂಗ್ರಹಿಸುವುದು ಭಾಷಾಧ್ಯಯನದ ಅರ್ಥಪೂರ್ಣ ಕಾರ್ಯವಾದೀತು.

ಅಂದು ನಾನು ಆ ವಿದ್ಯಾರ್ಥಿಯೊಡನೆ ವೈದ್ಯರಲ್ಲಿಗೆ ಹೋಗಿ ದುಭಾಷಿಯಾದೆ. ಅವನು ಚೇತರಿಸಿಕೊಂಡು ಪದವಿ ಪೂರೈಸಿದ. ಆದರೂ ಮೇಷ್ಟರ ಎದುರು ಆಡಲಾಗದ ಮಾತುಗಳು ಅವನಲ್ಲಿ ಉಳಿದೇ ಇದ್ದಿರಬೇಕು. ಅಧ್ಯಾಪಕರ ಅಂತಃಕರಣವು ವ್ಯವಸ್ಥೆಗೆ ಪರ್ಯಾಯವಲ್ಲ. ಅದರ ಬಾಗಿಲವರೆಗೆ ಕೈಹಿಡಿದು ಕರೆದೊಯ್ಯುವುದಷ್ಟೇ ನಮ್ಮ ಕೆಲಸ. ಆ ಬಾಗಿಲ ಒಳಗೆ ಅವನ ಮಾತು ಬಲ್ಲವರೊಬ್ಬರು ಇರುವಂತೆ ನೋಡಿಕೊಳ್ಳುವುದು ಸರ್ಕಾರದ ಕರ್ತವ್ಯ.