ಮೂವತ್ತೊಂದನೆಯ ಮಗು

ತರೀಕೆರೆ ಕಡೆಯಿಂದ ಲಿಂಗದಹಳ್ಳಿಗೆ ಬಂದು, ಕಲ್ಲತ್ತಿಗಿರಿ ದಾಟಿ ಕೆಮ್ಮಣ್ಣುಗುಂಡಿಗೆ ಏರುವ ರಸ್ತೆಯಲ್ಲಿ ಶನಿವಾರ ಬಂತೆಂದರೆ ಬೆಂಗಳೂರಿನ ಕಾರುಗಳ ಸಾಲು. ಹೆಬ್ಬೆ ಜಲಪಾತ, ಝಡ್ ಪಾಯಿಂಟ್, ತೋಟಗಾರಿಕೆ ಇಲಾಖೆಯ ಹೂದೋಟ ಎಲ್ಲ ನೋಡಿಕೊಂಡು ಭಾನುವಾರ ಸಂಜೆಗೆ ಅವು ಇಳಿದುಹೋಗುತ್ತವೆ. ಸೋಮವಾರ ಬೆಳಿಗ್ಗೆ ಗಿರಿಯ ಸುತ್ತಿನ ದಾರಿಗಳಲ್ಲಿ ಕಾಣುವವರು ಬೇರೆ. ಬೆನ್ನಿಗೆ ಚೀಲ, ಕೈಯಲ್ಲಿ ಕೊಡೆ, ಕಾಲಲ್ಲಿ ಹವಾಯಿ ಚಪ್ಪಲಿ. ಕಾಫಿ ತೋಟದ ಲೈನ್ ಮನೆಗಳಿಂದ ಶಾಲೆಗೆ ಹೊರಟ ಮಕ್ಕಳು. ಈ ಎರಡನೆಯ ಸಾಲು ಗಿಡ್ಡವಾಗುತ್ತಿದೆ.

ಇದು ಕಣ್ಣಂದಾಜಿನ ಮಾತಲ್ಲ. 2001ರ ಜನಗಣತಿಯಲ್ಲಿ ಚಿಕ್ಕಮಗಳೂರು ಜಿಲ್ಲೆಯಲ್ಲಿದ್ದವರು ಸುಮಾರು 11 ಲಕ್ಷ 41 ಸಾವಿರ ಜನ. 2011ರ ಹೊತ್ತಿಗೆ ಅದು 11 ಲಕ್ಷ 38 ಸಾವಿರಕ್ಕೆ ಇಳಿದಿತ್ತು. ಹತ್ತು ವರ್ಷ ಕಳೆದ ಮೇಲೆ ಜಿಲ್ಲೆಯೊಂದರ ಜನಸಂಖ್ಯೆ ಕಡಿಮೆಯಾಗುವುದು ಈ ದೇಶದಲ್ಲಿ ಅಪರೂಪದ ಸಂಗತಿ. ಅದೇ ಹತ್ತು ವರ್ಷಗಳಲ್ಲಿ ಬೆಂಗಳೂರು ನಗರ ಜಿಲ್ಲೆ 65 ಲಕ್ಷದಿಂದ 96 ಲಕ್ಷಕ್ಕೆ ಉಬ್ಬಿತು. ಇದರ ಜೊತೆಗೆ ಹುಟ್ಟುವ ಮಕ್ಕಳೂ ಕಡಿಮೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳು. ಒಂದು ಪೀಳಿಗೆ ತನ್ನಷ್ಟೇ ಇನ್ನೊಂದು ಪೀಳಿಗೆಯನ್ನು ಬಿಟ್ಟುಹೋಗಲು ಬೇಕಾದದ್ದು 2.1.

ಗಿರಿಗೆ ಜನ ಬಂದದ್ದೂ ಹೋದದ್ದೂ ಯಾವಾಗಲೂ ಕೆಲಸದ ಹಿಂದೆಯೇ. ಕೆಮ್ಮಣ್ಣುಗುಂಡಿ ಎಂಬ ಹೆಸರಿನಲ್ಲೇ ಇರುವ ಕೆಂಪು ಕಬ್ಬಿಣದ ಕೆಂಪು. 1923ರಲ್ಲಿ ಭದ್ರಾವತಿಯ ಕುಲುಮೆ ಉರಿಯಲು ಆರಂಭಿಸಿದ ಮೇಲೆ ಇಲ್ಲಿನ ಅದಿರು ಅಲ್ಲಿಗೆ ಇಳಿಯಿತು. ಅದಿರು ಅಗೆಯುವವರು ಇಲ್ಲಿಗೆ ಏರಿದರು. ಈಗ ಆ ಗಣಿ ನಿಂತಿದೆ. ಇದೇ ಜಿಲ್ಲೆಯ ಕುದುರೆಮುಖದಲ್ಲಿ 2005ರ ಕೊನೆಗೆ ಗಣಿಗಾರಿಕೆ ನಿಂತಾಗ ಒಂದು ಟೌನ್‌ಶಿಪ್ಪೇ ಬರಿದಾಯಿತು. ಕೆಲಸ ಹೋದರೆ ಅಪ್ಪ ಹೋಗುತ್ತಾನೆ, ಅಪ್ಪನ ಹಿಂದೆ ಮಗುವಿನ ಟಿ.ಸಿ. ಹೋಗುತ್ತದೆ.

ಆ ಟಿ.ಸಿ. ಶಾಲೆಯ ಹಣದ ಲೆಕ್ಕವನ್ನು ಏನು ಮಾಡುತ್ತದೆ ಎಂಬುದೇ ಇಲ್ಲಿನ ವಿಚಾರ.

ವಿಜ್ಞಾನದ ತರಗತಿಯಲ್ಲಿ ಮೊದಲು ಹೇಳಿಕೊಡುವುದು ಮೂಲಮಾನ. ಉದ್ದವನ್ನು ಮೀಟರಿನಲ್ಲಿ, ತೂಕವನ್ನು ಕಿಲೋಗ್ರಾಮಿನಲ್ಲಿ ಅಳೆಯಬೇಕು. ಮೂಲಮಾನ ತಪ್ಪಿದರೆ ಲೆಕ್ಕ ಎಷ್ಟು ಸರಿಯಾಗಿ ಮಾಡಿದರೂ ಉತ್ತರ ತಪ್ಪು. ಶಾಲೆಗೆ ಹಣ ಹಂಚುವಾಗ ಮೂಲಮಾನ ಯಾವುದು? 1987ರಲ್ಲಿ ‘ಆಪರೇಷನ್ ಬ್ಲ್ಯಾಕ್‌ಬೋರ್ಡ್’ ಎಂಬ ಯೋಜನೆ ಬಂದಾಗ ಅದು ಶಾಲೆಯಾಗಿತ್ತು. ಮಕ್ಕಳು ಎಷ್ಟೇ ಇರಲಿ, ಒಂದು ಪ್ರಾಥಮಿಕ ಶಾಲೆ ಎಂದರೆ ಮಳೆಗಾಳಿ ತಡೆಯುವ ಎರಡು ಕೋಣೆ, ಕನಿಷ್ಠ ಇಬ್ಬರು ಶಿಕ್ಷಕರು, ಕಪ್ಪು ಹಲಗೆ, ಭೂಪಟ, ವಿಜ್ಞಾನದ ಕಿಟ್ ಇರಲೇಬೇಕು ಎಂದು ಅದು ಹೇಳಿತು. ಹೇಳಿದ್ದೆಲ್ಲ ಆಯಿತೆಂದಲ್ಲ. ಬೀರುವಿನಿಂದ ಹೊರಗೇ ಬರದ ಕಿಟ್‌ಗಳ ಕಥೆ ಆ ಕಾಲದ ಮೇಷ್ಟರುಗಳಿಗೆಲ್ಲ ಗೊತ್ತು. ಆದರೆ ಅಳತೆಗೋಲು ಸರಿಯಿತ್ತು. ಮುಂದೆ ಬಂದ ಸರ್ವ ಶಿಕ್ಷಣ ಅಭಿಯಾನದಲ್ಲೂ ಶಾಲೆಗೆ ಇಷ್ಟು, ಶಿಕ್ಷಕರಿಗೆ ಬೋಧನೋಪಕರಣಕ್ಕೆಂದು ವರ್ಷಕ್ಕೆ 500 ರೂಪಾಯಿ ಎಂದು ಅನುದಾನ ಬರುತ್ತಿತ್ತು.

2018ರಲ್ಲಿ ಸಮಗ್ರ ಶಿಕ್ಷಣ ಯೋಜನೆ ಬಂತು. ಬಿಡಿ ಬಿಡಿಯಾಗಿದ್ದ ಅನುದಾನಗಳು ಒಂದುಗೂಡಿದವು, ಮೂಲಮಾನ ತಲೆಯಾಯಿತು. 2021ರಲ್ಲಿ ಪರಿಷ್ಕರಿಸಿದ ಪಟ್ಟಿ ಹೀಗಿದೆ: 30 ಮಕ್ಕಳವರೆಗಿನ ಶಾಲೆಗೆ ವರ್ಷಕ್ಕೆ 10,000 ರೂಪಾಯಿ, 31ರಿಂದ 100ರವರೆಗೆ 25,000, 101ರಿಂದ 250ರವರೆಗೆ 50,000, 251ರಿಂದ 1,000ದವರೆಗೆ 75,000, ಅದಕ್ಕೂ ಮೇಲ್ಪಟ್ಟರೆ ಒಂದು ಲಕ್ಷ. ಸೀಮೆಸುಣ್ಣ, ಹಾಜರಿ ಪುಸ್ತಕ, ಕರೆಂಟ್ ಬಿಲ್, ನೀರು, ಪಾಠೋಪಕರಣ, ಪ್ರಯೋಗದ ಸಾಮಾನು, ಸೋರುವ ಹೆಂಚು, ಮುರಿದ ಬಾಗಿಲು, ಶೌಚಾಲಯದ ರಿಪೇರಿ ಎಲ್ಲಕ್ಕೂ ಇದೇ ಹಣ. ಅದರಲ್ಲಿ ಹತ್ತನೆಯ ಒಂದು ಪಾಲನ್ನಾದರೂ ಸ್ವಚ್ಛತೆಗೆ ತೆಗೆದಿಡಬೇಕು.

ಲೆಕ್ಕಕ್ಕಾಗಿ ಗಿರಿಯ ತಪ್ಪಲಿನಲ್ಲಿ ಒಂದು ಶಾಲೆಯನ್ನು ಕಲ್ಪಿಸಿಕೊಳ್ಳೋಣ. ಮಕ್ಕಳು 31, ಅನುದಾನ 25,000. ಒಂದು ದಿನ ಲೈನ್ ಮನೆಯಿಂದ ತಾಯಿಯೊಬ್ಬಳು ಬರುತ್ತಾಳೆ. “ಸಕಲೇಶಪುರದ ಕಡೆ ತೋಟಕ್ಕೆ ಹೋಗ್ತಾ ಇದೀವಿ ಮೇಷ್ಟ್ರೇ, ಮಗಂದು ಟಿ.ಸಿ. ಕೊಡಿ.” ಮೇಷ್ಟರು ಬರೆದುಕೊಡಲೇಬೇಕು. “ಹೋದ ಕಡೆ ಮೊದಲು ಸ್ಕೂಲಿಗೆ ಸೇರ್ಸಮ್ಮ” ಎಂದಷ್ಟೇ ಹೇಳಬಲ್ಲರು. ಹುಡುಗ ಹೋದ. ಮುಂದಿನ ಎಣಿಕೆಯಲ್ಲಿ ಶಾಲೆಗೆ 30 ಮಕ್ಕಳು, ಅನುದಾನ 10,000. ಒಂದು ಮಗುವಿನ ಹಿಂದೆ 15,000 ರೂಪಾಯಿ ನಡೆದುಹೋಯಿತು. ಹೆಂಚು ಮೊದಲಿನಷ್ಟೇ ಸೋರುತ್ತದೆ. ಒಂದು ಮಗು ಹೋಯಿತೆಂದು ಬಾಗಿಲ ಕೀಲು ಗಟ್ಟಿಯಾಗುವುದಿಲ್ಲ, ಭಾರತದ ಭೂಪಟದ ಬೆಲೆ ಐದರಲ್ಲಿ ಎರಡು ಪಾಲಿಗೆ ಇಳಿಯುವುದಿಲ್ಲ.

ಇದಕ್ಕೆ ಕಚೇರಿಯ ಉತ್ತರ ಸಿದ್ಧವಾಗಿಯೇ ಇರುತ್ತದೆ. ಹತ್ತು ಮಕ್ಕಳ ಶಾಲೆಗೆ ಹತ್ತು ಸಾವಿರ ಎಂದರೆ ತಲೆಗೆ ಸಾವಿರ ರೂಪಾಯಿ. ಬೆಂಗಳೂರಿನ ದೊಡ್ಡ ಶಾಲೆಯ ಮಗುವಿಗೆ ಅಷ್ಟೆಲ್ಲಿ ಸಿಗುತ್ತದೆ? ಮಾತು ನಿಜ, ಆದರೆ ಅದು ಪಟ್ಟಿಯನ್ನು ಸಮರ್ಥಿಸುವುದಿಲ್ಲ. 251 ಮಕ್ಕಳಿರುವ ಶಾಲೆಗೂ 75,000, ಸಾವಿರ ಮಕ್ಕಳಿರುವ ಶಾಲೆಗೂ 75,000. ಮೊದಲನೆಯದರಲ್ಲಿ ತಲೆಗೆ ಸುಮಾರು 300 ರೂಪಾಯಿ, ಎರಡನೆಯದರಲ್ಲಿ 75. ಉತ್ತರ ಕರ್ನಾಟಕದಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು, ಹೊರರಾಜ್ಯದವರ ಮಕ್ಕಳು, ಖಾಸಗಿ ಶಾಲೆಯ ಫೀಜು ಕಟ್ಟಲಾಗದೆ ಹಿಂದಿರುಗಿದ ಮಕ್ಕಳು ಒಂದೇ ಕಟ್ಟಡಕ್ಕೆ ತುಂಬಿಕೊಳ್ಳುವ ನಗರದ ಶಾಲೆಗೆ ಈ ಪಟ್ಟಿಯಿಂದ ಆಗುವ ನಷ್ಟವೂ ಸಣ್ಣದಲ್ಲ. ಅಲ್ಲಿ ಒಂದು ಸೂಕ್ಷ್ಮದರ್ಶಕದ ಮುಂದೆ ಅರವತ್ತು ಮಕ್ಕಳು ಸಾಲು ನಿಲ್ಲಬೇಕು, ಇಲ್ಲಿ ಆರು ಮಕ್ಕಳಿಗೆ ಸೂಕ್ಷ್ಮದರ್ಶಕವೇ ಇಲ್ಲ. ಕೆಮ್ಮಣ್ಣುಗುಂಡಿಯ ರಸ್ತೆ ತಿರುವು ತಿರುವಾಗಿ ಏರುತ್ತದೆ. ಅನುದಾನ ಮಾತ್ರ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಮೆಟ್ಟಿಲ ಅಂಚಿನಲ್ಲಿ ನಿಂತವರೇ ಬೀಳುವುದು.

ಬಿಸಿಯೂಟದಲ್ಲೂ ಇಂಥ ಮೆಟ್ಟಿಲುಂಟು. ಕೇಂದ್ರದ ನಿಯಮದಂತೆ 25 ಮಕ್ಕಳವರೆಗೆ ಒಬ್ಬರೇ ಅಡುಗೆಯವರು, 26 ಆದರೆ ಇಬ್ಬರು. ಇಲ್ಲಿ ಎತ್ತರದ ವಿಚಾರವೂ ಬಂದು ಸೇರುತ್ತದೆ. ಕೆಮ್ಮಣ್ಣುಗುಂಡಿ ಸಮುದ್ರಮಟ್ಟದಿಂದ ಸುಮಾರು 1,434 ಮೀಟರ್ ಮೇಲಿದೆ. ಮೇಲೆ ಹೋದಂತೆ ಗಾಳಿಯ ಒತ್ತಡ ಕಡಿಮೆ, ಒತ್ತಡ ಕಡಿಮೆಯಾದಂತೆ ನೀರು ಬೇಗ ಕುದಿಯುತ್ತದೆ. ಪುಸ್ತಕದಲ್ಲಿ ನೂರು ಡಿಗ್ರಿ ಎಂದು ಬರೆದಿದ್ದರೂ ಈ ಎತ್ತರದಲ್ಲಿ ನೀರು ಕುದಿಯುವುದು ಹೆಚ್ಚು ಕಡಿಮೆ 95ರಲ್ಲಿ. ಬೇಗ ಕುದಿಯಿತೆಂದರೆ ಬೇಗ ಬೆಂದಿತೆಂದಲ್ಲ. ತಣ್ಣಗಿನ ಕುದಿಯಲ್ಲಿ ಬೇಳೆ ಹೆಚ್ಚು ಹೊತ್ತು ಬೇಯಬೇಕು. ಕುಕ್ಕರ್ ಈ ತೊಂದರೆಯನ್ನು ಬಹುಮಟ್ಟಿಗೆ ನೀಗಿಸುತ್ತದೆ, ಆದರೆ ತೆರೆದ ಪಾತ್ರೆಯ ಸಾಂಬಾರಿಗೆ ಗಿರಿಯಲ್ಲಿ ತಗಲುವ ಉರುವಲು ಕಡೂರಿನ ಬಯಲಿಗಿಂತ ಹೆಚ್ಚೇ. ತರಕಾರಿ, ಬೇಳೆ, ಎಣ್ಣೆ, ಉರುವಲು ಎಲ್ಲ ಸೇರಿದ ಅಡುಗೆ ವೆಚ್ಚ ಮಾತ್ರ ಎರಡು ಕಡೆಯೂ ತಲೆಗೆ ಇಷ್ಟು ಪೈಸೆ ಎಂದೇ.

ಮಳೆಯದೂ ಇದೇ ಕಥೆ. ಕಡೂರು, ಅಜ್ಜಂಪುರದ ಬಯಲುಸೀಮೆಯ ಶಾಲೆಯಲ್ಲಿ ಗೋಡೆಗೆ ತೂಗುಹಾಕಿದ ಚಾರ್ಟು ನಾಲ್ಕಾರು ವರ್ಷ ಬಾಳುತ್ತದೆ. ಗಿರಿಯ ಕಡೆ ಆಷಾಢ ಕಳೆಯುವುದರೊಳಗೆ ಅದಕ್ಕೆ ಬೂಷ್ಟು. ಕಾಂತಕ್ಕೆ ಅಂಟಿಸಲು ತಂದ ಗುಂಡುಸೂಜಿಗಳು ತುಕ್ಕು ಹಿಡಿದು, ಆಕ್ಸಿಡೀಕರಣದ ಪಾಠವನ್ನು ಯಾರೂ ಕೇಳದೆಯೇ ಮಾಡಿ ಮುಗಿಸಿರುತ್ತವೆ. ಲೆನ್ಸಿನ ಗಾಜಿನ ಮೇಲೂ ಶಿಲೀಂಧ್ರ ಬೆಳೆಯುತ್ತದೆ ಎಂಬುದು ಬಯಲಿನಿಂದ ಬಂದ ಶಿಕ್ಷಕರಿಗೆ ಮೊದಲ ಮಳೆಗಾಲದಲ್ಲಿ ತಿಳಿಯುತ್ತದೆ. ಒಂದೇ ಜಿಲ್ಲೆ, ಒಂದೇ ಅನುದಾನ, ಸಾಮಾನಿನ ಆಯುಸ್ಸು ಮಾತ್ರ ಬೇರೆ ಬೇರೆ.

ವಿಚಿತ್ರವೆಂದರೆ, ನೆಲದ ಏರಿಳಿತ ಕಾನೂನಿಗೆ ತಿಳಿಯದ ವಿಷಯವಲ್ಲ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ ಕೇಂದ್ರ ನಿಯಮಗಳು ಐದನೆಯ ತರಗತಿವರೆಗಿನ ಶಾಲೆ ಮನೆಯಿಂದ ಒಂದು ಕಿಲೋಮೀಟರಿನೊಳಗೆ, ಆರರಿಂದ ಎಂಟರವರೆಗಿನದು ಮೂರು ಕಿಲೋಮೀಟರಿನೊಳಗೆ ಇರಬೇಕು ಎನ್ನುತ್ತವೆ. ಅಲ್ಲಿಗೇ ನಿಲ್ಲುವುದಿಲ್ಲ. ದುರ್ಗಮ ಪ್ರದೇಶ, ಭೂಕುಸಿತದ ಭಯ, ನೆರೆ, ರಸ್ತೆಯ ಅಭಾವ ಇರುವ ಕಡೆ ಈ ಅಂತರವನ್ನು ಇನ್ನೂ ತಗ್ಗಿಸಿ ಶಾಲೆ ಇಡಬೇಕು. ಶಾಲೆಯೇ ಇಲ್ಲದ ಸಣ್ಣ ವಸತಿಗಳ ಮಕ್ಕಳಿಗೆ ಉಚಿತ ವಾಹನವನ್ನೋ ವಸತಿಯನ್ನೋ ಒದಗಿಸಬೇಕು ಎಂದೂ ಬರೆದಿದೆ. ಶಾಲೆ ಎಲ್ಲಿರಬೇಕು ಎನ್ನುವಾಗ ಗುಡ್ಡ ಕಾಣುತ್ತದೆ, ಅದಕ್ಕೆ ಎಷ್ಟು ಹಣ ಎನ್ನುವಾಗ ಗುಡ್ಡ ಮಾಯವಾಗುತ್ತದೆ. ಕ್ರೀಡಾ ಸಾಮಗ್ರಿಗೆ ಪ್ರಾಥಮಿಕ ಶಾಲೆಗೆ 5,000, ಹಿರಿಯ ಪ್ರಾಥಮಿಕಕ್ಕೆ 10,000, ಪ್ರೌಢಶಾಲೆಗೆ 25,000 ಎಂದು ಇದೇ ಸಮಗ್ರ ಶಿಕ್ಷಣದಲ್ಲಿ ತಲೆ ಎಣಿಸದ ಅನುದಾನವೂ ಇದೆ. ಚೆಂಡಿಗೆ ಅನ್ವಯಿಸುವ ನ್ಯಾಯ ಹೆಂಚಿಗೆ ಏಕೆ ಅನ್ವಯಿಸಬಾರದು?

ಸಣ್ಣ ಶಾಲೆಗಳನ್ನು ಕೂಡಿಸಿ ಒಂದು ದೊಡ್ಡ ಶಾಲೆ ಮಾಡಿ ಎಂಬ ಸಲಹೆ 2011ರ ಸುಮಾರಿಗೆ ರಾಜ್ಯದಲ್ಲಿ ದೊಡ್ಡ ಗದ್ದಲ ಎಬ್ಬಿಸಿತ್ತು. ಕರ್ನಾಟಕ ಪಬ್ಲಿಕ್ ಶಾಲೆಗಳು ಹೆಚ್ಚುತ್ತಿರುವ ಈ ದಿನಗಳಲ್ಲಿ ಅದೇ ಅಂಜಿಕೆ ಮತ್ತೆ ತಲೆಯೆತ್ತಿದೆ. ಕೂಡಿಸಬೇಕು ಎನ್ನುವವರನ್ನು ಮಕ್ಕಳ ವಿರೋಧಿಗಳೆಂದು ತಳ್ಳಿಹಾಕುವುದು ಸುಲಭ, ಆದರೆ ಪ್ರಾಮಾಣಿಕವಲ್ಲ. ಕಾಯ್ದೆಯ ಪ್ರಕಾರ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು. ಒಬ್ಬರು ತರಬೇತಿಗೋ ಗಣತಿಗೋ ಚುನಾವಣೆಗೋ ಹೋದರೆ ಉಳಿದವರು ಒಬ್ಬರೇ, ತರಗತಿ ಐದು. ನಾಲ್ಕನೆಯ ತರಗತಿಯಲ್ಲಿ ಒಬ್ಬಳೇ ಹುಡುಗಿ ಇದ್ದರೆ ಅವಳು ಯಾರೊಡನೆ ಚರ್ಚಿಸಿ ಕಲಿಯಬೇಕು? ದೊಡ್ಡ ಶಾಲೆಯಲ್ಲಿ ಗಣಿತ-ವಿಜ್ಞಾನಕ್ಕೆಂದೇ ಒಬ್ಬರು ಇರುತ್ತಾರೆ, ಪ್ರಯೋಗಾಲಯ ಇರುತ್ತದೆ. ಇವೆಲ್ಲ ತೂಕವಿರುವ ಮಾತುಗಳು.

ಬಹುವರ್ಗ ಬೋಧನೆಗೆ ಉಪಾಯವೂ ಇಲ್ಲದಿಲ್ಲ. ಆಂಧ್ರದ ರಿಷಿವ್ಯಾಲಿಯ ಪ್ರಯೋಗ ನೋಡಿ ಬಂದ ಶಿಕ್ಷಕರು 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುಮಾಡಿದ ನಲಿ-ಕಲಿ, ಬೇರೆ ಬೇರೆ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕಾರ್ಡುಗಳ ನೆರವಿನಿಂದ ತಮ್ಮ ತಮ್ಮ ವೇಗದಲ್ಲಿ ಕಲಿಯುವ ಪದ್ಧತಿ. ಆ ಕಾಡಂಚಿನ ತಾಲ್ಲೂಕಿನ ಸಣ್ಣ ಶಾಲೆಗಳಲ್ಲಿ ಹುಟ್ಟಿದ್ದು ಆಮೇಲೆ ಇಡೀ ರಾಜ್ಯದ ಸರ್ಕಾರಿ ಶಾಲೆಗಳಿಗೆ ಹೋಯಿತು. ಸಣ್ಣ ಶಾಲೆ ದೊಡ್ಡ ಶಾಲೆಗಳಿಗೆ ಕಲಿಸಿದ ಪಾಠ ಅದು. ಅದಕ್ಕೂ ಕಾರ್ಡು ಬೇಕು, ತಟ್ಟೆ ಬೇಕು, ಬೂಷ್ಟು ಹಿಡಿದಾಗ ಹೊಸದು ಬೇಕು.

ಜನ ಒಟ್ಟಾಗಿ ಶಾಲೆಯ ಕಡೆಗೆ ಹೋದ ಉದಾಹರಣೆಯೂ ಪಕ್ಕದಲ್ಲೇ ಇದೆ. ಕೆಮ್ಮಣ್ಣುಗುಂಡಿಗೆ ಅಂಟಿಕೊಂಡಂತಿರುವ ಭದ್ರಾ ಅಭಯಾರಣ್ಯದೊಳಗಿನ ಹಳ್ಳಿಗಳ 400ಕ್ಕೂ ಹೆಚ್ಚು ಕುಟುಂಬಗಳು 2001-02ರ ಸುಮಾರಿಗೆ ಎಂ.ಸಿ. ಹಳ್ಳಿ ಮತ್ತು ಕೆಳಗೂರಿಗೆ ಸ್ಥಳಾಂತರಗೊಂಡವು. ಆನೆಯ ಕಾಟ, ಕರೆಂಟಿಲ್ಲದ ಮನೆ, ದೂರದ ಆಸ್ಪತ್ರೆಯ ಜೊತೆಗೆ ಮಕ್ಕಳ ಶಾಲೆಯೂ ಅವರು ಒಪ್ಪಲು ಒಂದು ಕಾರಣ. ಅಲ್ಲಿ ಮೊದಲು ಹೊಲ, ಮನೆ, ರಸ್ತೆ ತೋರಿಸಿ ಆಮೇಲೆ ಜನರನ್ನು ಕರೆದರು. ಶಾಲೆ ಕೂಡಿಸುವಾಗಲೂ ಕ್ರಮ ಅದೇ ಆಗಬೇಕು. ಮೊದಲು ಬಸ್ಸು, ಆಮೇಲೆ ಬೀಗ. ಆದೇಶದಲ್ಲಿ ವಾಹನ ಭತ್ಯೆ ಎಂದು ಬರೆದು ಬೀಗ ಜಡಿದರೆ ಸಾಲದು. ಜೀಪು ಬಾರದ ದಾರಿಯಲ್ಲಿ ಭತ್ಯೆ ಬಂದು ಏನು ಮಾಡುತ್ತದೆ? ಕಾಟಿ, ಚಿರತೆ ಓಡಾಡುವ ಕಾಫಿ ತೋಟದ ನಡುವೆ, ಜುಲೈ ತಿಂಗಳ ಮಬ್ಬಿನಲ್ಲಿ, ಏಳು ವರ್ಷದ ಮಗಳನ್ನು ಐದು ಕಿಲೋಮೀಟರ್ ನಡೆಸಲು ಯಾವ ತಾಯಿಯೂ ಒಪ್ಪುವುದಿಲ್ಲ. ಅವಳು ಶಾಲೆ ಬಿಡಿಸಿದಳು ಎಂದು ಮಾತ್ರ ದಾಖಲೆಯಲ್ಲಿ ಬರುತ್ತದೆ.

ಎಣಿಕೆಯ ದಿನದ ಮಾತು ಇನ್ನೂ ಉಳಿದಿದೆ. ದೇಶದ ಶಾಲೆಗಳ ಅಂಕಿಅಂಶ ಸಂಗ್ರಹಕ್ಕೆ ಬಹುಕಾಲ ಸೆಪ್ಟೆಂಬರ್ 30ನ್ನೇ ಗೊತ್ತುಮಾಡಲಾಗಿತ್ತು. ಆ ದಿನ ಹಾಜರಿ ಪುಸ್ತಕದಲ್ಲಿ ಇದ್ದವರೇ ಲೆಕ್ಕ. ಬಯಲುಸೀಮೆಗೂ ಬೆಂಗಳೂರಿಗೂ ಆ ದಿನದಿಂದ ಹೆಚ್ಚು ತೊಂದರೆಯಿಲ್ಲ. ಆದರೆ ಗಿರಿಯಲ್ಲಿ ಅರೇಬಿಕಾ ಹಣ್ಣಾಗುವುದು ನವೆಂಬರ್ ಕಳೆದು. ಕೊಯ್ಲಿಗೆ ಆಗ ಜನ ಬೇಕು. ಬಯಲಿನ ತಾಲ್ಲೂಕುಗಳಿಂದ, ಈಚೆಗೆ ಅಸ್ಸಾಂ, ಜಾರ್ಖಂಡ್‌ಗಳಿಂದಲೂ ಕುಟುಂಬಗಳು ಬಂದು ಲೈನ್ ಮನೆಗಳು ತುಂಬುತ್ತವೆ. ಕನ್ನಡದ ಒಂದಕ್ಷರವೂ ಬಾರದ ಮಗುವೊಂದು ಡಿಸೆಂಬರಿನ ಒಂದು ಬೆಳಿಗ್ಗೆ ಅಕ್ಕನ ಕೈ ಹಿಡಿದು ಶಾಲೆಯ ಜಗಲಿಯ ಮೇಲೆ ಬಂದು ನಿಲ್ಲುತ್ತದೆ. ಮೇಷ್ಟರು ಒಳಗೆ ಕರೆದು ಕೂರಿಸುತ್ತಾರೆ, ತಟ್ಟೆ ಹುಡುಕಿ ಕೊಡುತ್ತಾರೆ, ಹೆಸರು ಕೇಳಿ ಹಾಜರಿ ಪುಸ್ತಕದ ಕೊನೆಯಲ್ಲಿ ಬರೆದುಕೊಳ್ಳುತ್ತಾರೆ. ಕ್ರಮಸಂಖ್ಯೆ 31. ಆ ವರ್ಷದ ಎಣಿಕೆ ಮುಗಿದು ಆಗಲೇ ಎರಡು ತಿಂಗಳಾಗಿರುತ್ತದೆ.