ಮನೆಯಲ್ಲಿ ಕನ್ನಡ, ಪೇಪರಿನಲ್ಲಿ ಸೊನ್ನೆ

ನೇರವಾಗಿ ಹೇಳಿಬಿಡುತ್ತೇನೆ. ಹೊರನಾಡಿನ ನಮ್ಮ ಎಷ್ಟೋ ಕನ್ನಡ ಕ್ಲಾಸುಗಳ ಪರೀಕ್ಷೆ, ಮಗುವಿಗೆ ಕನ್ನಡ ಬರುತ್ತದೋ ಇಲ್ಲವೋ ಅಂತ ನೋಡುವುದೇ ಇಲ್ಲ. ಮಗು ಕರ್ನಾಟಕದ ಶಾಲೆಯಲ್ಲಿ ಓದಿದೆಯೋ ಇಲ್ಲವೋ ಅಂತ ನೋಡುತ್ತದೆ. ಅದಕ್ಕೆ ಪರೀಕ್ಷೆ ಯಾಕೆ ಸ್ವಾಮಿ, ಟ್ರಾನ್ಸ್‌ಫರ್ ಸರ್ಟಿಫಿಕೇಟ್ ನೋಡಿದರೆ ಸಾಕಲ್ಲ!

ನಾನು ಮೇಷ್ಟರಲ್ಲ. ಬಿ.ಕಾಂ. ಮುಗಿಸಿ ಬ್ಯಾಂಕು ಸೇರಿ, ಸೂರತ್, ವಡೋದರಾ ಸುತ್ತಿ, ಕೊನೆಗೆ ಅಹಮದಾಬಾದಿನಲ್ಲಿ ಬೇರು ಬಿಟ್ಟವನು. ಭಾನುವಾರ ಬೆಳಿಗ್ಗೆ ಎರಡು ತಾಸು ಒಂದಷ್ಟು ಮಕ್ಕಳಿಗೆ ಕನ್ನಡ ಕಲಿಸುತ್ತೇನೆ, ಅಷ್ಟೇ. ಹೋದ ವರ್ಷ ಇನ್ನೊಂದು ಕಡೆಯವರು ತಮ್ಮ ಮಕ್ಕಳ ಪೇಪರು ತಿದ್ದಲು ಕರೆದರು. ಪ್ರಶ್ನೆ ಪತ್ರಿಕೆ ನೋಡಿ ತಲೆ ತಿರುಗಿತು. ಉಕ್ತಲೇಖನಕ್ಕೆ 40, ಸಂಧಿ-ಸಮಾಸಕ್ಕೆ 20, ಪದ್ಯ ಬರೆಯಲು 20, ಪ್ರಬಂಧಕ್ಕೆ 20. ಮಾತಾಡಿಸಿ ನೋಡಲು? ಒಂದು ಅಂಕವೂ ಇಲ್ಲ.

ಮೊದಲ ಬಹುಮಾನ, ಆರು ತಿಂಗಳ ಹಿಂದೆ ಅಪ್ಪನ ವರ್ಗಾವಣೆ ಮೇಲೆ ಬೆಂಗಳೂರಿನಿಂದ ಬಂದ ಹುಡುಗನಿಗೆ. 91 ಅಂಕ. ಅವನದೇನೂ ತಪ್ಪಿಲ್ಲ, ಪಾಪ. ಇಲ್ಲೇ ಹುಟ್ಟಿ ಬೆಳೆದ, ಹುಬ್ಬಳ್ಳಿ ಕಡೆಯ ಮನೆಯ ಹುಡುಗಿಗೆ 12. ಫೋನಿನಲ್ಲಿ ಅಜ್ಜಿ ಜೊತೆ ಅರ್ಧ ಗಂಟೆ ಉಸಿರು ಬಿಡದೆ ಕನ್ನಡ ಮಾತಾಡುವ ಕೂಸು ಅದು. ಮುಂದಿನ ಭಾನುವಾರದಿಂದ ಅವಳು ಬರಲಿಲ್ಲ. ಬಹುಮಾನದ ಫೋಟೋ ಮಾತ್ರ ಎಲ್ಲರ ವಾಟ್ಸಾಪಿಗೂ ಬಂತು.

ಅವಳ ಉಕ್ತಲೇಖನ ನಾನೇ ನೋಡಿದ್ದೆ. ‘ಕೊಡು’ ಅಂದದ್ದಕ್ಕೆ ‘ಕೋಡು’, ‘ಬೇರೆ’ ಅಂದದ್ದಕ್ಕೆ ‘ಬೆರೆ’. ಯಾಕೆ? ಅವಳು ಶಾಲೆಯಲ್ಲಿ ಕಲಿತ ಗುಜರಾತಿ ಲಿಪಿಯಲ್ಲಿ ಎ-ಏ, ಒ-ಓ ಅಂತ ಬೇರೆ ಬೇರೆ ಅಕ್ಷರಗಳೇ ಇಲ್ಲ. ಇಕಾರ-ಉಕಾರಗಳ ಹ್ರಸ್ವ ದೀರ್ಘ ಬರಹದಲ್ಲುಂಟು, ಬಾಯಲ್ಲಿ ಹೆಚ್ಚುಕಡಿಮೆ ಇಲ್ಲ. ಈ ಗೊಂದಲ ಸಾಕು, ಒಂದೇ ಇ, ಒಂದೇ ಉ ಇಟ್ಟುಕೊಳ್ಳೋಣ ಅಂತ ಗುಜರಾತಿಗಳೇ 1999ರಲ್ಲಿ ಊಂಝಾದಲ್ಲಿ ಸೇರಿ ನಿರ್ಣಯ ಮಾಡಿದ್ದರು. ಇನ್ನು ಪದದ ಕೊನೆಯ ಅಕಾರವನ್ನು ಅಲ್ಲಿ ಉಚ್ಚರಿಸುವುದಿಲ್ಲ. ಅದಕ್ಕೇ ನಮ್ಮ ಮಕ್ಕಳು ‘ಮರ’ವನ್ನು ‘ಮರ್’ ಅಂತ ಓದುತ್ತಾರೆ. ಒತ್ತಕ್ಷರದ್ದೂ ಅದೇ ಕಥೆ. ಅಲ್ಲಿ ಸಾಮಾನ್ಯವಾಗಿ ಮೊದಲ ಅಕ್ಷರ ಅರ್ಧವಾಗಿ ಪಕ್ಕದಲ್ಲಿ ನಿಲ್ಲುತ್ತದೆ, ನಮ್ಮಲ್ಲಿ ಎರಡನೆಯದು ಕೆಳಗಿಳಿಯುತ್ತದೆ.

ಹಾಗಂತ ತಪ್ಪು ಸರಿಯಾಗುವುದಿಲ್ಲ, ನಿಜ. ಆದರೆ ಲೆಕ್ಕಪತ್ರ ಓದಿದವನಿಗೆ ಒಂದು ಮಾತು ಗೊತ್ತು. ಒಂದು ಪುಟದ ತಪ್ಪು ಮೊತ್ತ ಮುಂದಿನ 20 ಪುಟಕ್ಕೆ ಹರಿದು ಬಂದರೆ ಅದು 20 ತಪ್ಪಲ್ಲ, ಒಂದೇ ತಪ್ಪು. ಆ ಹುಡುಗಿ ಮಾಡಿದ್ದು ಮೂರೋ ನಾಲ್ಕೋ ತಪ್ಪು. ಕೆಂಪು ಇಂಕು ಬಿದ್ದದ್ದು ಮೂವತ್ತು ಕಡೆ. ಮಹಾಪ್ರಾಣ, ಣ-ನ, ಳ-ಲ ಒಂದೂ ತಪ್ಪಿರಲಿಲ್ಲ, ಅವೆಲ್ಲ ಗುಜರಾತಿಯಲ್ಲೂ ಇವೆಯಲ್ಲ. ಅದಕ್ಕೆ ಯಾರೂ ಭೇಷ್ ಅನ್ನಲಿಲ್ಲ.

ಪ್ರಬಂಧದಲ್ಲಿ ಅವಳು ಬರೆದದ್ದು ಎರಡೇ ಸಾಲು. ‘ನಮ್ಮ ಅಜ್ಜಿ ಊರಾಗ ಅದಾಳ’ ಅನ್ನುವುದರ ಕೆಳಗೆ ಗೆರೆ ಎಳೆದು ‘ಅಶುದ್ಧ’ ಅಂತ ಷರಾ! ಧಾರವಾಡದ ಮಾತನ್ನೇ ಕಾವ್ಯ ಮಾಡಿದ ಬೇಂದ್ರೆಯವರಿಗೆ 1973ರಲ್ಲಿ ಜ್ಞಾನಪೀಠ ಬಂತು. ಸಂಘಗಳ ಗೋಡೆ ಮೇಲೆ ಅವರ ಫೋಟೋಗೆ ಹಾರ ಹಾಕುತ್ತೇವೆ. ಅದೇ ಮಾತನ್ನು ಮಗು ಬರೆದರೆ ಸೊನ್ನೆ. ಗ್ರಾಂಥಿಕ ರೂಪ ಕಲಿಸಬೇಕು, ಬೇಡ ಅನ್ನುವುದಿಲ್ಲ. ಕಲಿಸದೇ ಕೇಳಬೇಡಿ ಅನ್ನುತ್ತೇನೆ. ಉಡುಪಿ ಕಡೆಯ ಹೋಟೆಲಿನವರ ಎಷ್ಟೋ ಮನೆಗಳಲ್ಲಿ ಮಾತು ತುಳು. ಆ ಮಕ್ಕಳಿಗೆ ಕನ್ನಡ ಮನೆಮಾತೂ ಅಲ್ಲ.

‘ಸುಲಭ ಮಾಡಿದರೆ ಮಟ್ಟ ಇಳಿಯುತ್ತೆ ರೀ’ ಅಂತಾರೆ ಹಿರಿಯರು. ಯಾವ ಮಟ್ಟ? ಕರ್ನಾಟಕದ ಎಸ್ಸೆಸ್ಸೆಲ್ಸಿಯಲ್ಲೇ ಪ್ರಥಮ ಭಾಷೆ ಕನ್ನಡದ ಪುಸ್ತಕ, ಪೇಪರು ಬೇರೆ. ದ್ವಿತೀಯ ಭಾಷೆ ಕನ್ನಡದ್ದು ಬೇರೆ. ಒಂದಕ್ಕೆ 125, ಇನ್ನೊಂದಕ್ಕೆ 100 ಅಂತ ವರ್ಷಗಟ್ಟಲೆ ನಡೆಸಿಕೊಂಡು ಬಂದಿದ್ದಾರೆ. ಇಲ್ಲಿ ಮಗುವಿನ ತಲೆ ಮೇಲೆ ಇಂಗ್ಲಿಷ್, ಹಿಂದಿ, ಜೊತೆಗೆ ಗುಜರಾತಿ. 2023ರ ಕಾನೂನಿನಿಂದ 1ರಿಂದ 8ನೇ ತರಗತಿವರೆಗೆ ಯಾವ ಬೋರ್ಡಿನ ಶಾಲೆಯಾದರೂ ಗುಜರಾತಿ ಕಡ್ಡಾಯ. ಲಿಪಿಯ ಲೆಕ್ಕದಲ್ಲಿ ಕನ್ನಡ ನಾಲ್ಕನೆಯದು. ವಾರಕ್ಕೆ ಎರಡು ತಾಸು ಕಲಿಸಿ ಪ್ರಥಮ ಭಾಷೆಯ ಪೇಪರು ಕೊಡುವುದು, ಚಹಾ ಗಾಡಿಯವನು ಸಾಲ ಕೇಳಿದರೆ ಮಿಲ್ಲಿನ ಬ್ಯಾಲೆನ್ಸ್ ಶೀಟ್ ತಾ ಅಂದ ಹಾಗೆ.

ಯೂರೋಪಿನವರು 2001ರಲ್ಲೇ ಭಾಷೆ ಅಳೆಯಲು ಆರು ಮೆಟ್ಟಿಲಿನ ಚೌಕಟ್ಟು ಪ್ರಕಟಿಸಿದರು. ಕೇಳುವುದು, ಮಾತಾಡುವುದು, ಓದುವುದು, ಬರೆಯುವುದು, ಎಲ್ಲವನ್ನೂ ಬೇರೆ ಬೇರೆಯಾಗಿ ನೋಡಬಹುದು. ಒಂದರಲ್ಲಿ ಮೇಲಿದ್ದು ಇನ್ನೊಂದರಲ್ಲಿ ಕೆಳಗಿದ್ದರೆ ಅವಮಾನವೇನಿಲ್ಲ. ನಮಗೆ ಅಷ್ಟೆಲ್ಲ ಬೇಡ. ಕೇಳಿ ಹೇಳುವುದಕ್ಕೆ 30, ಮಾತಿಗೆ 30, ಓದಿಗೆ 25, ಬರಹಕ್ಕೆ 15. ಉಕ್ತಲೇಖನದ ಪದಗಳು ಕ್ಲಾಸಿನಲ್ಲಿ ಬರೆಸಿದವೇ ಇರಲಿ. ಒಂದೇ ಬಗೆಯ ತಪ್ಪಿಗೆ ಒಂದೇ ಸಲ ಅಂಕ ಕಳೆಯಲಿ. ಊರಿನಿಂದ ಹೊಸದಾಗಿ ಬಂದ ಮಕ್ಕಳಿಗೆ ಬೇರೆ ಪೇಪರು. ಮತ್ತೆ ಆ ಮೊದಲನೆಯ, ಎರಡನೆಯ ಬಹುಮಾನದ ಕಪ್ಪುಗಳನ್ನು ದಯವಿಟ್ಟು ಕೇರಂ ಪಂದ್ಯಕ್ಕೆ ಇಟ್ಟುಕೊಳ್ಳಿ.

ಈ ಲೆಕ್ಕದಲ್ಲಿ ಮೂರು ಪೇಪರು ಮಾಡಿಟ್ಟಿದ್ದೇನೆ. ಸೂರತ್, ವಡೋದರಾದವರು ಯಾರಾದರೂ ಕೇಳಿದರೆ ಕಳಿಸುತ್ತೇನೆ. ಜೆರಾಕ್ಸ್ ಖರ್ಚು ನಿಮ್ಮದು. ಆ ಹುಡುಗಿಯ ಅಪ್ಪನಿಗೂ ಫೋನ್ ಮಾಡಿದ್ದೆ, ಈ ಭಾನುವಾರ ನಮ್ಮ ಕ್ಲಾಸಿಗೆ ಕಳಿಸಿ ಅಂತ. ‘ಕೇಳಿ ನೋಡ್ತೇನ್ರೀ’ ಅಂದಿದ್ದಾರೆ.